ಕ್ವಾಂಟ್ ಆಗಲು ಕ್ವಾಂಟ್ ಪದವಿಯೇ ಬೇಕಾ?

ಪ್ರಶ್ನೆ: ನನಗೆ ಮೊದಲಿಂದಲೂ ಗಣಿತ ಇಷ್ಟ. ಮುಂದೆ ಹಣಕಾಸು ಕ್ಷೇತ್ರದಲ್ಲಿ ‘ಕ್ವಾಂಟ್’ ಆಗಿ, ಅಂದರೆ ಗಣಿತದ ಮಾದರಿಗಳಿಂದ ಬೆಲೆ, ಅಪಾಯ ಲೆಕ್ಕ ಹಾಕುವ ಕೆಲಸ ಮಾಡುವ ಆಸೆ ಇದೆ. ಒಂದು ವಿಶ್ವವಿದ್ಯಾಲಯದಲ್ಲಿ ಕ್ವಾಂಟಿಟೇಟಿವ್ ಫೈನಾನ್ಸ್ ಅನ್ನೇ ಮುಖ್ಯ ವಿಷಯವಾಗಿ ಓದುವ ಪದವಿಗೆ ಸೀಟು ಸಿಕ್ಕಿದೆ. ಇನ್ನೊಂದರಲ್ಲಿ ಗಣಿತ ಪದವಿಗೆ ಸಿಕ್ಕಿದೆ. ಮನೆಯವರು ಮೊದಲನೆಯದನ್ನೇ ಸೇರು, ಹೆಸರಲ್ಲೇ ಕೆಲಸ ಇದೆ ಅನ್ನುತ್ತಾರೆ. ಯಾವುದು ಸರಿ? ಕೋಡಿಂಗ್ ಎಷ್ಟು ಬರಬೇಕು? ಸ್ನಾತಕೋತ್ತರ ಪದವಿ ಇಲ್ಲದೆ ಕೆಲಸ ಸಿಗುತ್ತದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಪದವಿಯ ಹೆಸರನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಎರಡೂ ಕಡೆಯ ಪಠ್ಯಕ್ರಮ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಕ್ವಾಂಟ್ ಫೈನಾನ್ಸ್ ಪದವಿಯ ಮೊದಲ ಎರಡು ವರ್ಷ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ ಗಟ್ಟಿಯಾಗಿ ಇದೆಯೇ? ಅವನ್ನು ಗಣಿತ ವಿಭಾಗದವರೇ ಕಲಿಸುತ್ತಾರೆಯೇ? ಗಣಿತದ ವಿದ್ಯಾರ್ಥಿಗಳ ಪಕ್ಕದಲ್ಲೇ ಕೂತು ಅದೇ ಪರೀಕ್ಷೆ ಬರೆಯಬೇಕೇ? ಹೌದು ಅಂತಾದರೆ ಧೈರ್ಯವಾಗಿ ಸೇರಿ. ಲೆಕ್ಕಪತ್ರ, ನಿರ್ವಹಣೆ, ಮಾರ್ಕೆಟಿಂಗ್ ನಡುವೆ ‘ಕ್ವಾಂಟ್’ ಅಂತ ಹೆಸರಿಟ್ಟ ಎರಡು ಮೂರು ಪತ್ರಿಕೆ ತುರುಕಿದ್ದರೆ ಬೇಡ, ಗಣಿತವನ್ನೇ ತೆಗೆದುಕೊಳ್ಳಿ. ನಾನು ವರ್ಷಗಟ್ಟಲೆ ಆಪ್ಷನ್‌ಗಳ (ಮುಂದೊಂದು ದಿನ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳ) ಬೆಲೆ ಕಟ್ಟುವ, ಅಪಾಯ ಅಳೆಯುವ ಮಾದರಿಗಳ ಜೊತೆ ಕೆಲಸ ಮಾಡಿದ್ದೇನೆ. ಹೊಸಬರನ್ನು ಸಂದರ್ಶನ ಮಾಡಿದ್ದೇನೆ. ಈ ಮಾತು ಅಲ್ಲಿಂದ ಬಂದದ್ದು.

ಇದಕ್ಕೆ ಕಾರಣ ಹೇಳಲು ಒಂದು ಘಟನೆಯಿಂದ ಶುರು ಮಾಡುತ್ತೇನೆ.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ (ಮುಂದೆ ಸರಕು ಪಡೆಯಲು ಇವತ್ತೇ ಬೆಲೆ ನಿಗದಿ ಮಾಡಿಕೊಳ್ಳುವ ಒಪ್ಪಂದ) ಬೆಲೆ ಸೊನ್ನೆಗಿಂತ ಕೆಳಗೆ ಇಳಿಯಿತು. ದಿನದ ಕೊನೆಗೆ ಅದು ಬ್ಯಾರೆಲ್‌ಗೆ ಮೈನಸ್ 37.63 ಡಾಲರ್. ಲಾಕ್‌ಡೌನ್‌ನಿಂದ ತೈಲ ಕೊಳ್ಳುವವರಿರಲಿಲ್ಲ. ಒಪ್ಪಂದದ ಗಡುವು ಮರುದಿನಕ್ಕೇ ಮುಗಿಯುತ್ತಿತ್ತು. ಗಡುವಿನವರೆಗೂ ಅದನ್ನು ಕೈಯಲ್ಲಿ ಇಟ್ಟುಕೊಂಡವರು ನಿಜವಾದ ತೈಲವನ್ನೇ ಇಳಿಸಿಕೊಳ್ಳಬೇಕು. ಇಡಲು ಜಾಗ ಇಲ್ಲ. ಹಾಗಾಗಿ ಕೈಯಿಂದ ದುಡ್ಡು ಕೊಟ್ಟು ತೈಲವನ್ನು ದಾಟಿಸುವ ಸ್ಥಿತಿ ಬಂತು.

ಈಗ ಆಪ್ಷನ್ ಬೆಲೆ ಕಟ್ಟುವವರ ಪಾಡು ಯೋಚಿಸಿ. ಫ್ಯೂಚರ್ಸ್ ಮೇಲಿನ ಆಪ್ಷನ್‌ಗಳಿಗೆ ಸಾಮಾನ್ಯವಾಗಿ ಬಳಸುತ್ತಿದ್ದದ್ದು ಫಿಷರ್ ಬ್ಲಾಕ್ 1976ರಲ್ಲಿ ಕೊಟ್ಟ ಸೂತ್ರ. ಅದರಲ್ಲಿ ಬೆಲೆಯ ಲಾಗರಿದಮ್ ತೆಗೆಯಬೇಕು. ಮೈನಸ್ ಸಂಖ್ಯೆಗೆ ಲಾಗರಿದಮ್ ಇಲ್ಲ. ಸೂತ್ರ ಅಲ್ಲೇ ನಿಂತುಹೋಗುತ್ತದೆ. ಅದೇ ವಾರ ಅಮೆರಿಕದ ಸಿಎಂಇ ವಿನಿಮಯ ಕೇಂದ್ರ ಈ ಆಪ್ಷನ್‌ಗಳಿಗೆ ಬೇರೆ ಮಾದರಿಗೆ ಬದಲಾಯಿಸಿಕೊಂಡಿತು. ಯಾವ ಮಾದರಿ ಗೊತ್ತಾ? ಲೂಯಿ ಬಾಷಲಿಯೇ ಎಂಬ ಫ್ರೆಂಚ್ ಗಣಿತಜ್ಞ 1900ರಲ್ಲಿ ಪ್ಯಾರಿಸ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿದ್ದ ಮಾದರಿ. 120 ವರ್ಷ ಹಳೆಯದು. ಬಾಷಲಿಯೇ ಪ್ರಕಾರ ಬೆಲೆಗೆ ಪ್ರತಿ ಕ್ಷಣ ಒಂದಿಷ್ಟು ಕೂಡುತ್ತದೆ, ಇಲ್ಲವೇ ಕಳೆಯುತ್ತದೆ. ಬ್ಲಾಕ್ ಪ್ರಕಾರ ಬೆಲೆ ಶೇಕಡಾವಾರು ಬದಲಾಗುತ್ತದೆ, ಅಂದರೆ ಗುಣಿಸುತ್ತಾ ಹೋಗುತ್ತದೆ. ಧನ ಸಂಖ್ಯೆಯನ್ನು ಧನ ಸಂಖ್ಯೆಗಳಿಂದ ಎಷ್ಟು ಗುಣಿಸಿದರೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಕಳೆಯುತ್ತಾ ಹೋದರೆ ಹೋಗುತ್ತದೆ. ಬೆಲೆ ಸೊನ್ನೆಗಿಂತ ಕೆಳಗೆ ಹೋಗಬಹುದು ಅನ್ನುವುದು ಬಾಷಲಿಯೇ ಮಾದರಿಯ ದೋಷ ಅಂತಲೇ ಎಷ್ಟೋ ಕಾಲ ಎಣಿಸಿದ್ದರು. ಆ ವಾರ ಅದೇ ಕೈಹಿಡಿಯಿತು.

ಸೂತ್ರವನ್ನು ಬಾಯಿಪಾಠ ಮಾಡಿದವರಿಗೆ ಇಂಥ ದಿನ ಕೈಕಾಲು ಆಡುವುದಿಲ್ಲ. ಲಾಗರಿದಮ್ ಎಲ್ಲಿಂದ ಬಂತು, ಯಾವ ಊಹೆಯಿಂದ ಬಂತು ಅಂತ ಬಿಚ್ಚಿ ನೋಡಿದವರು ಊಹೆ ಬದಲಿಸಿ ಮುಂದೆ ಹೋಗುತ್ತಾರೆ. ಈ ಕೆಲಸದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. 2014ರ ಜೂನ್‌ನಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ತನ್ನ ಠೇವಣಿ ಬಡ್ಡಿ ದರವನ್ನು ಸೊನ್ನೆಗಿಂತ ಕೆಳಗೆ ಇಳಿಸಿತು. ಬಡ್ಡಿ ದರದ ಎಷ್ಟೋ ಮಾದರಿಗಳು ಹೀಗೇ ಸಿಕ್ಕಿಬಿದ್ದವು. ಲೈಬಾರ್ ಎಂಬ ಬಡ್ಡಿ ದರದ ಮೇಲೆ ಪಠ್ಯಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಇತ್ತು. ಡಾಲರ್ ಲೈಬಾರ್ 2023ರ ಜೂನ್ ಕೊನೆಗೆ ನಿಂತಿತು. ಅಧ್ಯಾಯಗಳು ಹಳೆಯದಾದವು. ಅವುಗಳ ಅಡಿಯಲ್ಲಿದ್ದ ಸಂಭವನೀಯತೆ ಹಳೆಯದಾಗಲಿಲ್ಲ.

ಹಾಗಂತ ಕ್ವಾಂಟ್ ಫೈನಾನ್ಸ್ ಸುಮ್ನೆ ಗಣಿತಕ್ಕೆ ಹಾಕಿದ ಬಣ್ಣ ಅಂದುಕೊಳ್ಳಬೇಡಿ. ಅದಕ್ಕೆ ಅದರದೇ ಆದ ಒಂದು ಚಂದದ ವಿಚಾರ ಇದೆ. ಪೆನ್ನು ತೆಗೆದುಕೊಳ್ಳಿ, ಒಟ್ಟಿಗೆ ಮಾಡೋಣ.

ಒಂದು ಷೇರಿನ ಬೆಲೆ ಇವತ್ತು 100. ನಾಳೆ ಅದು 120 ಆಗುತ್ತದೆ, ಇಲ್ಲವೇ 80 ಆಗುತ್ತದೆ. ಬೇರೇನೂ ಆಗುವುದಿಲ್ಲ. ನಾಳೆ ಈ ಷೇರನ್ನು 100ಕ್ಕೆ ಕೊಳ್ಳುವ ಹಕ್ಕನ್ನು ನಾನು ನಿಮಗೆ ಮಾರುತ್ತೇನೆ. ಇದೇ ಕಾಲ್ ಆಪ್ಷನ್. ಬೆಲೆ 120 ಆದರೆ ನಿಮಗೆ 20 ಲಾಭ. 80 ಆದರೆ ಹಕ್ಕನ್ನು ಬಿಟ್ಟುಬಿಡುತ್ತೀರಿ, ಸೊನ್ನೆ. ಬಡ್ಡಿ ಸೊನ್ನೆ ಅಂದುಕೊಳ್ಳಿ. ಈ ಹಕ್ಕಿಗೆ ಇವತ್ತು ಎಷ್ಟು ಕೊಡಬಹುದು?

ಷೇರು ಏರುವ ಸಾಧ್ಯತೆ ಎಷ್ಟು ಅಂತ ಕೇಳಬೇಕು ಅನ್ನಿಸುತ್ತದೆ, ಅಲ್ವಾ? ಬೇಕಿಲ್ಲ. ಅರ್ಧ ಷೇರು ಕೊಳ್ಳಿ, ಅದಕ್ಕೆ 50 ಬೇಕು. ಅದರಲ್ಲಿ 40 ಸಾಲ ಮಾಡಿ. ನಿಮ್ಮ ಕೈಯಿಂದ ಹೋದದ್ದು 10. ನಾಳೆ 120 ಆದರೆ ಅರ್ಧ ಷೇರು 60. ಸಾಲ 40 ತೀರಿಸಿದರೆ 20 ಉಳಿಯುತ್ತದೆ. 80 ಆದರೆ ಅರ್ಧ ಷೇರು 40. ಸಾಲ ತೀರಿಸಿದರೆ ಸೊನ್ನೆ. ಅಂದರೆ ಆಪ್ಷನ್ ಏನು ಕೊಡುತ್ತದೋ ಅದನ್ನೇ ನೀವು 10ರಲ್ಲಿ ಮನೆಯಲ್ಲೇ ತಯಾರು ಮಾಡಿದಿರಿ. ಹಾಗಾಗಿ ಅದರ ಬೆಲೆ 10. ಯಾರಾದರೂ ಅದಕ್ಕೆ 12 ಕೊಡುತ್ತಾರೆ ಅಂದರೆ ಅವರಿಗೆ ಮಾರಿ, 10ರಲ್ಲಿ ಇದನ್ನು ಕಟ್ಟಿಕೊಳ್ಳಿ. ನಾಳೆ ಏನೇ ಆದರೂ 2 ನಿಮ್ಮದು. ಷೇರು ಏರುವ ಸಾಧ್ಯತೆ ಶೇ 90 ಇದ್ದರೂ ಬೆಲೆ 10. ಶೇ 30 ಇದ್ದರೂ 10.

ಕಾಕ್ಸ್, ರಾಸ್, ರೂಬಿನ್‌ಸ್ಟೀನ್ ಎಂಬ ಮೂವರು ಇದನ್ನೇ ಹೆಜ್ಜೆ ಹೆಜ್ಜೆಯಾಗಿ ಬೆಳೆಸಿ 1979ರಲ್ಲಿ ಪ್ರಕಟಿಸಿದರು. ಹೆಜ್ಜೆಗಳನ್ನು ಚಿಕ್ಕದು ಮಾಡುತ್ತಾ ಹೋದರೆ ಬ್ಲಾಕ್ ಮತ್ತು ಶೋಲ್ಸ್ 1973ರಲ್ಲಿ ಕೊಟ್ಟ ಹೆಸರುವಾಸಿ ಸೂತ್ರ ಸಿಗುತ್ತದೆ. ಮೇಲಿನ ಲೆಕ್ಕ ಓದುವಾಗ ‘ಅರೆ, ಹೌದಲ್ಲ!’ ಅಂತ ನಿಮಗೆ ಅನ್ನಿಸಿತಾ? ಎರಡನೇ ಸಲ ಓದಬೇಕು ಅನ್ನಿಸಿತಾ? ಹಾಗಾದರೆ ಈ ವಿಷಯ ನಿಮಗೆ ಹೊಂದುತ್ತದೆ. ಸಂಬಳದ ಮಾತು ಮಾತ್ರ ಕಿವಿಗೆ ಬಿದ್ದು ಇತ್ತ ಬಂದವರು ಎರಡನೇ ವರ್ಷಕ್ಕೇ ಸುಸ್ತಾಗುವುದನ್ನು ನಾನು ನೋಡಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ವಿಷಯದ ಮೇಲೆ ಪ್ರೀತಿ ಇರಲಿಲ್ಲ ಅಷ್ಟೇ.

ಒಮ್ಮೆ ಒಂದೇ ವಾರದಲ್ಲಿ ಇಬ್ಬರನ್ನು ಸಂದರ್ಶನ ಮಾಡಿದೆ. ಒಬ್ಬರು ಹಣಕಾಸು ಪದವಿಯವರು. ಬ್ಲಾಕ್–ಶೋಲ್ಸ್ ಸೂತ್ರವನ್ನು ಒಂದು ಚಿಹ್ನೆಯೂ ತಪ್ಪದೆ ಬರೆದರು. ‘ಷೇರು ಸರಾಸರಿ ಎಷ್ಟು ವೇಗವಾಗಿ ಏರುತ್ತದೆ ಅನ್ನುವುದು ಈ ಸೂತ್ರದಲ್ಲಿ ಎಲ್ಲೂ ಕಾಣುತ್ತಿಲ್ಲ, ಯಾಕೆ?’ ಅಂತ ಕೇಳಿದೆ. ಉತ್ತರ ಬರಲಿಲ್ಲ. ಇನ್ನೊಬ್ಬರು ಗಣಿತದವರು. ಆಪ್ಷನ್ ಅಂದರೆ ಏನು ಅಂತಲೇ ಆಕೆಗೆ ಗೊತ್ತಿರಲಿಲ್ಲ. ಮೇಲಿನ 120, 80ರ ಲೆಕ್ಕ ಕೊಟ್ಟೆ. ಮೊದಲು ಸಾಧ್ಯತೆ ಹಾಕಿ ಸರಾಸರಿ ತೆಗೆದರು. ಆಮೇಲೆ ತಡೆದು, ಅಳಿಸಿ, ಇಪ್ಪತ್ತು ನಿಮಿಷದಲ್ಲಿ ಅರ್ಧ ಷೇರಿನ ಉಪಾಯವನ್ನು ತಾವೇ ಕಂಡುಕೊಂಡರು. ಬಾಂಡ್, ಸ್ವಾಪ್, ಮಾರ್ಜಿನ್ ಅಂತೆಲ್ಲ ಆಕೆಗೆ ಹೇಳಿಕೊಡಲು ಕೆಲವು ವಾರ ಸಾಕಾಯಿತು. ಸಂಭವನೀಯತೆಯನ್ನು ಕೆಲವು ವಾರದಲ್ಲಿ ಕಲಿಸಲು ನನಗೆ ಬರುವುದಿಲ್ಲ. ಯಾರಿಗೂ ಬರುವುದಿಲ್ಲ.

ಈಗ ಗಣಿತದೊಳಗೆ ಏನೇನು ಬೇಕು ಅಂತ ಹೇಳುತ್ತೇನೆ. ಸಂಭವನೀಯತೆ ಎಲ್ಲಕ್ಕಿಂತ ಮೊದಲು. ನಾಣ್ಯ, ದಾಳದ ಲೆಕ್ಕಕ್ಕೆ ನಿಲ್ಲಬೇಡಿ. ‘ಇಷ್ಟು ಗೊತ್ತಾದ ಮೇಲೆ ಸರಾಸರಿ ಎಷ್ಟು’ ಅನ್ನುವ ಷರತ್ತುಬದ್ಧ ನಿರೀಕ್ಷೆ ರಕ್ತಗತ ಆಗಬೇಕು. ಆಮೇಲೆ ರ‍್ಯಾಂಡಮ್ ವಾಕ್, ಮಾರ್ಕೋವ್ ಸರಪಳಿ, ಮಾರ್ಟಿಂಗೇಲ್. ಮೂರನೇ ವರ್ಷದಲ್ಲಿ ಸಾಧ್ಯವಾದರೆ ಇಟೋ ಕ್ಯಾಲ್ಕುಲಸ್. ಜಪಾನಿನ ಕಿಯೋಸಿ ಇಟೋ ಅದನ್ನು 1940ರ ದಶಕದಲ್ಲಿ ಶುದ್ಧ ಗಣಿತವಾಗಿಯೇ ಕಟ್ಟಿದರು. ಸುಮಾರು ಮೂರು ದಶಕದ ನಂತರ ರಾಬರ್ಟ್ ಮರ್ಟನ್ ಅದನ್ನು ಆಪ್ಷನ್ ಬೆಲೆಗೆ ತಂದರು.

ಲೀನಿಯರ್ ಆಲ್ಜೀಬ್ರಾ ಯಾಕೆ ಅಂತ ಕೆಲವರು ಕೇಳುತ್ತಾರೆ. ಹ್ಯಾರಿ ಮಾರ್ಕೋವಿಟ್ಜ್ 1952ರಲ್ಲಿ ಹೇಳಿದ ಹಾಗೆ ಷೇರುಗಳನ್ನು ಒಂದೊಂದಾಗಿ ನೋಡದೆ ಗುಂಪಾಗಿ ನೋಡಬೇಕು. ಒಂದು ಏರಿದಾಗ ಇನ್ನೊಂದು ಏನು ಮಾಡುತ್ತದೆ ಅನ್ನುವುದು ಮುಖ್ಯ. 500 ಷೇರುಗಳಿದ್ದರೆ ಇಂಥ ಸಂಬಂಧಗಳ ಪಟ್ಟಿಯಲ್ಲಿ (ಇದೇ ಮ್ಯಾಟ್ರಿಕ್ಸ್) 1,25,250 ಬೇರೆ ಬೇರೆ ಸಂಖ್ಯೆಗಳು. ಒಂದು ವರ್ಷದಲ್ಲಿ ವಹಿವಾಟು ನಡೆಯುವುದು ಸುಮಾರು 250 ದಿನ. 500 ಷೇರಿಗೆ ಒಟ್ಟು 1,25,000 ಬೆಲೆಗಳು. ಅಂದರೆ ಕಂಡುಹಿಡಿಯಬೇಕಾದದ್ದು ಕೈಯಲ್ಲಿರುವುದಕ್ಕಿಂತ ಜಾಸ್ತಿ! ಆದರೂ ಕಂಪ್ಯೂಟರ್ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರವನ್ನು ಎಷ್ಟು ನಂಬಬೇಕು ಅಂತ ಮ್ಯಾಟ್ರಿಕ್ಸ್ ಒಳಗೆ ಇಳಿದು ನೋಡಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ.

ಡಿಫರೆನ್ಷಿಯಲ್ ಸಮೀಕರಣ ಒಂದು ಕೋರ್ಸ್ ಸಾಕು. ಅದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ.

ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವುದು ಸಂಖ್ಯಾಶಾಸ್ತ್ರವನ್ನು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಕ್ಷೇತ್ರದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದವು. ಒಂದು ಷೇರು ವರ್ಷಕ್ಕೆ ಸರಾಸರಿ ಶೇ 8 ಏರುತ್ತದೆ ಅಂದುಕೊಳ್ಳಿ. ಅದರ ಏರಿಳಿತ, ಅಂದರೆ ಮಾನಕ ವಿಚಲನೆ, ವರ್ಷಕ್ಕೆ ಶೇ 16. ನಿಮಗೆ ಆ 8 ಗೊತ್ತಿಲ್ಲ, ನಾಲ್ಕು ವರ್ಷದ ಬೆಲೆ ನೋಡಿ ಅಂದಾಜು ಮಾಡುತ್ತೀರಿ. ಆ ಅಂದಾಜು ಎಷ್ಟು ತಪ್ಪಬಹುದು? 16ನ್ನು 4ರ ವರ್ಗಮೂಲದಿಂದ ಭಾಗಿಸಿ. ಶೇ 8 ಬರುತ್ತದೆ. ಅಂದಾಜು ಎಷ್ಟು ದೊಡ್ಡದೋ ಅದರ ತಪ್ಪೂ ಅಷ್ಟೇ ದೊಡ್ಡದು! 16 ವರ್ಷದ ಬೆಲೆ ಇದ್ದರೆ ತಪ್ಪು ಶೇ 4ಕ್ಕೆ ಇಳಿಯುತ್ತದೆ. ಶೇ 1ಕ್ಕೆ ಇಳಿಸಬೇಕು ಅಂದರೆ 256 ವರ್ಷದ ಬೆಲೆ ಬೇಕು. ದಿನದ ಬೆಲೆ ಬಿಟ್ಟು ನಿಮಿಷ ನಿಮಿಷದ ಬೆಲೆ ತೆಗೆದುಕೊಂಡರೆ? ಏರಿಳಿತದ ಅಂದಾಜು ಚೆನ್ನಾಗಿ ಸುಧಾರಿಸುತ್ತದೆ. ಸರಾಸರಿಯ ಅಂದಾಜು ಸುಧಾರಿಸುವುದಿಲ್ಲ. ಅದಕ್ಕೆ ಬೇಕಾದದ್ದು ವರ್ಷಗಳು.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಹಳೆಯ ಬೆಲೆಗಳ ಮೇಲೆ 1,000 ವಹಿವಾಟು ನಿಯಮಗಳನ್ನು ಪರೀಕ್ಷೆ ಮಾಡಿದಿರಿ ಅಂದುಕೊಳ್ಳಿ. ಒಂದರಲ್ಲೂ ಸತ್ವ ಇಲ್ಲ, ಎಲ್ಲವೂ ನಾಣ್ಯ ಚಿಮ್ಮಿದ ಹಾಗೆ. ಆದರೂ ಶೇ 5ರ ಮಟ್ಟದಲ್ಲಿ, ಅಂದರೆ ಬರೀ ಅದೃಷ್ಟದಿಂದ ಗೆಲ್ಲುವ ಸಾಧ್ಯತೆ ನೂರಕ್ಕೆ ಐದು ಇರುವ ಹಾಗೆ ಪರೀಕ್ಷಿಸಿದರೆ ಸುಮಾರು 50 ನಿಯಮಗಳು ‘ಗೆದ್ದ’ ಹಾಗೆ ಕಾಣುತ್ತವೆ. ವಿದ್ಯಾರ್ಥಿಗಳು ಇಂಥ ಒಂದು ಚಂದದ ಏರುಗೆರೆಯ ಚಿತ್ರವನ್ನು ತಂದು ತೋರಿಸುತ್ತಾರೆ. ‘ಇದಕ್ಕೂ ಮೊದಲು ಎಷ್ಟು ನಿಯಮ ಪ್ರಯತ್ನ ಮಾಡಿದಿರಿ?’ ಅಂತ ನಾನು ಮೊದಲು ಕೇಳುವ ಪ್ರಶ್ನೆ. ಆ ಲೆಕ್ಕ ಬರೆದಿಟ್ಟುಕೊಂಡವರನ್ನು ಕಂಡರೆ ನನಗೆ ತುಂಬಾ ಗೌರವ.

ಕೋಡಿಂಗ್ ಎಷ್ಟು ಬರಬೇಕು ಅಂತ ಕೇಳಿದ್ದೀರಿ. ಚೆನ್ನಾಗಿ ಬರಬೇಕು. ಪೈಥಾನ್‌ನಿಂದ ಶುರು ಮಾಡಿ. ಆಮೇಲೆ ಒಂದು ಸೆಮಿಸ್ಟರ್ ಸಿ++ ಕಲಿಯಿರಿ, ವೇಗ ಬೇಕಾದ ಕಡೆ ಇವತ್ತಿಗೂ ಅದೇ ನಡೆಯುತ್ತದೆ. ಆದರೆ ಭಾಷೆಗಿಂತ ಶಿಸ್ತು ಮುಖ್ಯ. ಬರೆದದ್ದನ್ನು ಪರೀಕ್ಷಿಸುವುದು, ಬದಲಾವಣೆಗಳ ದಾಖಲೆ ಇಡುವುದು, ಬೇರೆಯವರು ಓದುವ ಹಾಗೆ ಬರೆಯುವುದು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿಯ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ತಂತ್ರಾಂಶ ಹಾಕುವುದು ತಪ್ಪಿಹೋಗಿತ್ತು. ಅಲ್ಲಿ ಬಳಕೆಯಲ್ಲಿ ಇಲ್ಲದ ಹಳೆಯ ಕೋಡ್ ಎದ್ದು ಕೂತು ಷೇರು ಕೊಳ್ಳಲು, ಮಾರಲು ಶುರು ಮಾಡಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ಹಣ ಹೋಯಿತು. ಅದೇ ವರ್ಷ ಜೆಪಿ ಮಾರ್ಗನ್‌ಗೆ ಸುಮಾರು 620 ಕೋಟಿ ಡಾಲರ್ ನಷ್ಟ ಆಯಿತು. ಆ ನಷ್ಟಕ್ಕೆ ಕಾರಣ ಹಲವು. ಆದರೆ ಅಪಾಯ ಅಳೆಯುವ ಅವರ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಡೆ ಎರಡು ಸಂಖ್ಯೆಗಳ ಸರಾಸರಿಯಿಂದ ಭಾಗಿಸುವ ಬದಲು ಅವುಗಳ ಮೊತ್ತದಿಂದ ಭಾಗಿಸಿದ್ದರು. ಏರಿಳಿತ ಅರ್ಧದಷ್ಟೇ ಕಾಣಿಸಿತು.

ಇಷ್ಟೆಲ್ಲ ಹೇಳಿದ ಮೇಲೆ ಫೈನಾನ್ಸ್ ಕೋರ್ಸ್‌ಗಳೇ ಬೇಡವಾ ಅಂತ ನೀವು ಕೇಳಬಹುದು. ಬೇಕು. ಬರೀ ಗಣಿತ ಓದಿದವರು ಬೀಳುವ ಗುಂಡಿಯೂ ಒಂದಿದೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿಯಲ್ಲಿ 1997ರ ನೊಬೆಲ್ ಬಹುಮಾನ ಪಡೆದ ಮರ್ಟನ್ ಮತ್ತು ಶೋಲ್ಸ್ ಇಬ್ಬರೂ ಪಾಲುದಾರರು. 1998ರ ಆರಂಭದಲ್ಲಿ ಸ್ವಂತ ಬಂಡವಾಳದ 25 ಪಟ್ಟಿಗೂ ಜಾಸ್ತಿ ಸಾಲ ಅದರ ಮೇಲಿತ್ತು. ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲ ತೀರಿಸುವುದನ್ನು ನಿಲ್ಲಿಸಿತು. ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ಓಡಿದರು. ಮಾದರಿಯ ಪ್ರಕಾರ ಒಂದಕ್ಕೊಂದು ಸಂಬಂಧ ಇಲ್ಲದ ಹೂಡಿಕೆಗಳು ಒಟ್ಟಿಗೆ ಬಿದ್ದವು. ಕೊನೆಗೆ 14 ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ವ್ಯವಹಾರದ ಆ ಕಡೆ ಯಾರಿದ್ದಾರೆ, ಅವರು ಯಾವಾಗ ಹೆದರುತ್ತಾರೆ, ಸಾಲ ಕೊಟ್ಟವರು ಯಾವಾಗ ವಾಪಸ್ ಕೇಳುತ್ತಾರೆ ಅನ್ನುವುದನ್ನೂ ಕಲಿಯಬೇಕು. ಗಣಿತ ಸೇರಿದರೆ ಅರ್ಥಶಾಸ್ತ್ರದ ಎರಡು ಕೋರ್ಸ್, ಮಾರುಕಟ್ಟೆಗಳು ಹೇಗೆ ನಡೆಯುತ್ತವೆ ಅನ್ನುವ ಒಂದು ಕೋರ್ಸ್, ಹಣಕಾಸಿನ ಇತಿಹಾಸ ಸಿಕ್ಕಿದರೆ ಅದನ್ನೂ ತೆಗೆದುಕೊಳ್ಳಿ.

ಒಳ್ಳೆಯ ಕ್ವಾಂಟ್ ಫೈನಾನ್ಸ್ ಪದವಿ ಗೆಲ್ಲುವುದು ಇಲ್ಲೇ. ಈ ಜೋಡಣೆಯನ್ನು ಅದು ನಿಮಗಾಗಿ ಮಾಡಿಕೊಡುತ್ತದೆ. ಜೊತೆಗೆ ಅದೇ ಆಸಕ್ತಿಯ ಗೆಳೆಯರು, ಕ್ಷೇತ್ರದಿಂದ ಬಂದು ಪಾಠ ಮಾಡುವವರು, ಇಂಟರ್ನ್‌ಶಿಪ್‌ಗೆ ದಾರಿ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯುಟೇಷನಲ್ ಫೈನಾನ್ಸ್ ಪದವಿಯಲ್ಲಿ ಗಣಿತ ವಿಭಾಗದ್ದು ದೊಡ್ಡ ಪಾತ್ರ. ಪ್ರಿನ್ಸ್‌ಟನ್‌ನಲ್ಲಿ ಇದೇ ಥರದ ಓದು ಆಪರೇಷನ್ಸ್ ರಿಸರ್ಚ್ ಜೊತೆ ಸೇರಿ ಎಂಜಿನಿಯರಿಂಗ್ ಕಡೆ ಇದೆ. ಇಂಥವುಗಳ ಕೋರ್ಸ್ ಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ನಿಮಗೆ ಸಿಕ್ಕಿದ ಪದವಿಯನ್ನು ಹೋಲಿಸಿ ನೋಡಿ.

ಮನೆಯವರ ಮಾತಿಗೆ ಬರುತ್ತೇನೆ. ಹೆಸರಲ್ಲೇ ಕೆಲಸ ಇದೆ ಅನ್ನುವುದು ಪೂರ್ತಿ ನಿಜ ಅಲ್ಲ. ಜಿಮ್ ಸೈಮನ್ಸ್ ಗಣಿತದ ಪ್ರಾಧ್ಯಾಪಕರಾಗಿದ್ದವರು. 1982ರಲ್ಲಿ ರೆನಸಾನ್ಸ್ ಟೆಕ್ನಾಲಜೀಸ್ ಎಂಬ ಹೂಡಿಕೆ ಕಂಪನಿ ಶುರು ಮಾಡಿದಾಗಿನಿಂದ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರನ್ನೇ ಹುಡುಕಿ ಸೇರಿಸಿಕೊಂಡರು. ಸಂದರ್ಶನಗಳಲ್ಲೂ ಮೊದಲು ಕೇಳುವುದು ಸಂಭವನೀಯತೆಯ ಒಗಟು, ಕೋಡಿಂಗ್, ಕೆಲವು ಕಡೆ ಬಾಯಿಲೆಕ್ಕ. ಇನ್ನೊಂದು ವಿಚಾರವನ್ನೂ ಅವರಿಗೆ ಹೇಳಿ. 18ನೇ ವಯಸ್ಸಿನ ಆಸೆ 21ಕ್ಕೆ ಬದಲಾಗಬಹುದು. ಆಗ ಗಣಿತ ಪದವಿಯಿಂದ ಬೇರೆ ಕಡೆ ಹೊರಳುವುದು ಸುಲಭ.

ಸ್ನಾತಕೋತ್ತರದ ಪ್ರಶ್ನೆಗೆ ಉತ್ತರ ನೀವು ಯಾವ ಕೆಲಸಕ್ಕೆ ಹೋಗುತ್ತೀರಿ ಅನ್ನುವುದರ ಮೇಲಿದೆ. ಟ್ರೇಡಿಂಗ್ ಸಂಸ್ಥೆಗಳು ಟ್ರೇಡರ್ ಮತ್ತು ಡೆವಲಪರ್ ಕೆಲಸಕ್ಕೆ ಮೊದಲ ಪದವಿಯವರನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಸ್ಪರ್ಧೆ ಮಾತ್ರ ತುಂಬಾ. ಸಂಶೋಧಕರ ಕೆಲಸಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಅಥವಾ ಪಿಎಚ್‌ಡಿ ಕೇಳುತ್ತಾರೆ. ಬ್ಯಾಂಕುಗಳಲ್ಲಿ ಮಾದರಿ ಪರಿಶೀಲನೆ ಅಂತ ಒಂದು ವಿಭಾಗ ಇರುತ್ತದೆ. ಬೇರೆಯವರು ಕಟ್ಟಿದ ಮಾದರಿಯನ್ನು ಬಿಚ್ಚಿ ಎಲ್ಲಿ ಮುರಿಯುತ್ತದೆ ಅಂತ ನೋಡುವ ಕೆಲಸ. 2008ರ ಬಿಕ್ಕಟ್ಟಿನ ನಂತರ ಅದು ಬಹಳ ಬೆಳೆದಿದೆ. ಇದಕ್ಕೆ ಹೊಳಪು ಕಮ್ಮಿ, ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಾಗಾಗಿ ಈಗಲೇ ಸ್ನಾತಕೋತ್ತರದ ಚಿಂತೆ ಬೇಡ, ಮೂರನೇ ವರ್ಷದಲ್ಲಿ ಒಂದು ಇಂಟರ್ನ್‌ಶಿಪ್ ಮಾಡಿ ಆಮೇಲೆ ತೀರ್ಮಾನ ಮಾಡಿ.

ಸೀಟು ಖಚಿತ ಮಾಡುವ ಮೊದಲು ಎರಡು ಕೆಲಸ ಮಾಡಿ. ಎರಡೂ ವಿಶ್ವವಿದ್ಯಾಲಯಗಳಿಗೆ ಬರೆದು ಹೋದ ವರ್ಷದ ಸಂಭವನೀಯತೆಯ ಪ್ರಶ್ನೆಪತ್ರಿಕೆ ಕೇಳಿ. ಬರೀ ಸೂತ್ರಕ್ಕೆ ಸಂಖ್ಯೆ ಹಾಕುವ ಪ್ರಶ್ನೆಗಳಿವೆಯೋ, ‘ಯಾಕೆ ಅಂತ ಸಾಧಿಸಿ’ ಅನ್ನುವ ಪ್ರಶ್ನೆಗಳಿವೆಯೋ ನೋಡಿ.

ಎರಡನೆಯದು, ಮೇಲಿನ ಷೇರಿನ ಲೆಕ್ಕಕ್ಕೆ ಮತ್ತೆ ಹೋಗಿ. ಈ ಸಲ ನಾಳೆಯ ಬೆಲೆ 120, 100 ಅಥವಾ 80, ಈ ಮೂರರಲ್ಲಿ ಒಂದು. ಅರ್ಧ ಷೇರು, 40 ಸಾಲ. 100 ಆದ ದಿನ ಏನಾಗುತ್ತದೆ ನೋಡಿ. ನಿಮ್ಮ ಕೈಯಲ್ಲಿ 10 ಉಳಿಯುತ್ತದೆ, ಆಪ್ಷನ್ ಮಾತ್ರ ಸೊನ್ನೆ ಕೊಡುತ್ತದೆ. ಎಷ್ಟು ಷೇರು, ಎಷ್ಟು ಸಾಲ ಅಂತ ಬದಲಿಸಿದರೂ ಮೂರೂ ಕಡೆ ಹೊಂದುವುದಿಲ್ಲ. ಬೆಲೆಗೆ ಈಗ ಒಂದೇ ಉತ್ತರ ಇಲ್ಲ, 0 ಮತ್ತು 10ರ ನಡುವೆ ಒಂದು ವ್ಯಾಪ್ತಿ ಸಿಗುತ್ತದೆ. ಅದು ಯಾಕೆ 0ರಿಂದ 10, ಅದಕ್ಕಿಂತ ಕಿರಿದು ಯಾಕೆ ಆಗುವುದಿಲ್ಲ ಅಂತ ಒಂದು ಭಾನುವಾರ ಪೂರ್ತಿ ಕೂತು ಯೋಚಿಸಿ ನೋಡಿ.